ನಾಲ್ಕು ಫ್ರೇಮಿನ ಬೆಳಕು

ಸುಳ್ಳು ಚಿತ್ರಗಳ ಕಾಟ ತಡೆಯಲಾರದೆ ಸರ್ಕಾರ ಸಾಕ್ಷಿ ಚಿಪ್ ಕಾಯ್ದೆ ತಂದಾಗ ಅದನ್ನು ಬೇಡವೆಂದವರು ಯಾರೂ ಇರಲಿಲ್ಲ. ಅದಕ್ಕೂ ಮುಂಚಿನ ಹತ್ತು ವರ್ಷ ಜನ ಪಟ್ಟ ಪಾಡು ಹಾಗಿತ್ತು. ಸತ್ತವರು ವೀಡಿಯೊದಲ್ಲಿ ಎದ್ದು ಬಂದು ಮತ ಕೇಳುತ್ತಿದ್ದರು. ಮನೆಯಲ್ಲಿ ಜ್ವರ ಬಂದು ಮಲಗಿದ್ದವನು ಪರವೂರಿನಲ್ಲಿ ಅಂಗಡಿಗೆ ಬೆಂಕಿ ಇಡುವುದು ಟಿ.ವಿ.ಯಲ್ಲಿ ಕಾಣುತ್ತಿತ್ತು. ಹೀಗಾಗಿ ಎಲ್ಲ ಫೋನು, ಕ್ಯಾಮೆರಾ, ಟಿ.ವಿ.ಗಳಲ್ಲಿ ಆ ಚಿಪ್ ಕಡ್ಡಾಯವಾಯಿತು. ಅದರ ಕೆಲಸ ಸರಳ. ಎದುರಿಗೆ ಬಂದ ಚಿತ್ರವನ್ನು ಅದು ಸರ್ಕಾರದ ಭಂಡಾರದಲ್ಲಿರುವ ನಿಜವಾದ ಚಿತ್ರಗಳ ಜೊತೆ ಹೋಲಿಸಿ ನೋಡುತ್ತಿತ್ತು. ಹೊಂದದ ಭಾಗವನ್ನು ಖೊಟ್ಟಿ ಎಂದು ಅಳಿಸಿ, ಭಂಡಾರದಲ್ಲಿದ್ದದ್ದನ್ನು ಅಲ್ಲಿ ತುಂಬುತ್ತಿತ್ತು. ಮನುಷ್ಯರ ಮುಖ ಬದಲಾಗುತ್ತದೆ, ಬೀದಿ ಬದಲಾಗುತ್ತದೆ ಎಂಬುದು ಚಿಪ್ ಮಾಡಿದವರಿಗೆ ಗೊತ್ತಿತ್ತು, ಅವಕ್ಕೆಲ್ಲ ಒಂದಿಷ್ಟು ಸಡಿಲ ಬಿಟ್ಟಿದ್ದರು. ಚಂದ್ರ ಮಾತ್ರ ಬದಲಾಗುವುದಿಲ್ಲ ಎಂದು ತಿಳಿದಿದ್ದರು.

ಚಂದ್ರನ ಫೋಟೋ ತೆಗೆಯುವುದು ಇದರಿಂದ ಬಹಳ ಸುಲಭವಾಯಿತು. ಯಾರು ಎಲ್ಲಿಂದ ಫೋನ್ ಎತ್ತಿ ಹಿಡಿದರೂ ಒಂದೊಂದು ಕುಳಿಯೂ ಎಣಿಸುವಷ್ಟು ಸ್ಪಷ್ಟವಾದ ಚಂದ್ರ ಬರುತ್ತಿದ್ದ. ಗದಗ-ಬೆಟಗೇರಿಯಲ್ಲಿ ಕಷ್ಟಪಟ್ಟು ಚಂದ್ರನ ಫೋಟೋ ತೆಗೆಯುತ್ತಿದ್ದವಳು ನೀಲಗಂಗಾ ಹೂಗಾರ ಒಬ್ಬಳೇ.

ಅವಳಿಗೆ ಐವತ್ತೊಂದು ವರ್ಷ. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಡಾಕ್ಟರರು ಎರಡು ಸಲ ನೋಡಿಯೂ ಏನಿಲ್ಲ ಎಂದ ಮೂಳೆಯಲ್ಲಿ ಕೂದಲೆಳೆಯಷ್ಟು ಸೀಳು ತೋರಿಸುವ ಕಣ್ಣು ಅವಳದು. ಮಾಳಿಗೆಯ ಮೇಲೆ ಐದು ಇಂಚಿನ ಕನ್ನಡಿಯ ಒಂದು ದೂರದರ್ಶಕ ಇಟ್ಟುಕೊಂಡಿದ್ದಳು. ಅದಕ್ಕೆ ಕಣ್ಣಿಡುವ ಜಾಗದಲ್ಲಿ ಒಂದು ಹಳೆಯ ಕ್ಯಾಮೆರಾ ತಿರುಗಿಸಿ ಕೂರಿಸುತ್ತಿದ್ದಳು. ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಬಂದ ಆ ಕ್ಯಾಮೆರಾ ಕಾಯ್ದೆಗಿಂತ ಹಿಂದಿನದು, ಅದರೊಳಗೆ ಚಿಪ್ ಇರಲಿಲ್ಲ. ಅಂಥದ್ದನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಅದರಲ್ಲಿ ತೆಗೆದ ಚಿತ್ರಕ್ಕೆ ಎಲ್ಲಿಯೂ ಬೆಲೆ ಇರಲಿಲ್ಲ.

ಮಾಡುವ ರೀತಿಯೂ ತಾಳ್ಮೆಯದು. ಗಾಳಿಯ ಅಲುಗಾಟದಲ್ಲಿ ಚಂದ್ರ ಸದಾ ನೀರೊಳಗಿನ ನಾಣ್ಯದಂತೆ ನಡುಗುತ್ತಾನೆ. ಒಂದೇ ಫೋಟೋ ತೆಗೆದರೆ ಮಸುಕು. ಅದಕ್ಕೇ ಹದಿನೈದು ಇಪ್ಪತ್ತು ನಿಮಿಷ ವೀಡಿಯೊ ಹಿಡಿದು, ಅದರ ಸಾವಿರಾರು ಫ್ರೇಮುಗಳಲ್ಲಿ ಗಾಳಿ ತಟಸ್ಥವಾಗಿದ್ದ ಒಂದಷ್ಟನ್ನು ಆರಿಸಿ, ಒಂದರ ಮೇಲೊಂದು ಜೋಡಿಸಬೇಕು. ಆಗ ಸಣ್ಣ ದೂರದರ್ಶಕದಲ್ಲೂ ಪರ್ವತಗಳ ನೆರಳು ಮೂಡುತ್ತದೆ.

ಅವಳು ಹೆಚ್ಚಾಗಿ ಹಿಡಿಯುತ್ತಿದ್ದದ್ದು ಚಂದ್ರನ ಕತ್ತಲೆಯ ಭಾಗವನ್ನು. ಎಳೆಯ ಚಂದ್ರನ ಮಿಕ್ಕ ಭಾಗ ಭೂಮಿಯ ಬೆಳಕಿನಲ್ಲಿ ಬೂದಿಬಣ್ಣಕ್ಕೆ ಕಾಣುತ್ತದಲ್ಲ, ಅಲ್ಲಿ ಅಂಬರ ಖನಿಜ ಕಂಪನಿಯ ಗಣಿ ಇತ್ತು. ಅಲ್ಲಿ ಅವಳ ತಮ್ಮ ಶಂಕ್ರಪ್ಪ ಇದ್ದ. ತಾಯಿ ತೀರಿಕೊಂಡಾಗ ಅವನು ಆರು ವರ್ಷದವನು. ಸ್ನಾನ ಮಾಡಿಸಿ, ಬೈದು, ಐ.ಟಿ.ಐ. ಓದಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಸೊಂಡೂರಿನ ಗಣಿಯಲ್ಲಿ ಯಂತ್ರ ನಡೆಸುತ್ತಿದ್ದವನನ್ನು ಕಂಪನಿ ಮೂರು ವರ್ಷದ ಕರಾರಿಗೆ ಚಂದ್ರನಿಗೆ ಕಳಿಸಿತ್ತು. ಗಣಿ ಐದು ಇಂಚಿನ ಕನ್ನಡಿಗೆ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಿಡಿಯುತ್ತಿದ್ದಳು.

ಪುಷ್ಯ ಮಾಸದ ಪಂಚಮಿಯ ದಿನ, ಸಂಜೆ ಏಳಕ್ಕೆ, ಅವಳು ವೀಡಿಯೊ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಶಂಕ್ರಪ್ಪನ ಕರೆ ಬಂತು. ಫೋನನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ದನಿ ಜೋರು ಮಾಡಿ, ದೂರದರ್ಶಕದ ಗುಬುಟು ತಿರುಗಿಸುತ್ತ ಮಾತಾಡಿದಳು. ಒಂದು ಮಾತು ಆಡಿ ಮೂರು ಎಣಿಸಬೇಕು, ಆಗ ಉತ್ತರ ಬರುತ್ತದೆ. ಇಬ್ಬರಿಗೂ ಅದು ರೂಢಿಯಾಗಿತ್ತು.

"ಏನ್ ಅಡಗಿ ಮಾಡೀ ಅಕ್ಕಾ?"

"ಬದ್ನೀಕಾಯಿ ಎಣಗಾಯಿ. ನಿಂದು?"

"ಇಲ್ಲೇನ ಐತಿ, ದನದ ಹಿಂಡಿಯಂಥದ್ದ ತಿನ್ನೂದು. ಬಂದ ಮ್ಯಾಲೆ ಒಂದ್ ವಾರ ಬರೇ ಎಣಗಾಯಿ ಮಾಡಿ ಹಾಕು ನನಗ." ತಟ್ಟನೆ ಅವನ ದನಿ ಬದಲಾಯಿತು. "ಅಕ್ಕಾ, ಈಗ ಏನೋ ಅಲುಗ್ಯಾಡಿದಂಗಾತು. ಕಾಟ್ ಜಗ್ಗಿದಂಗ."

"ಏನಾತು?"

"ಏನಿಲ್ಲೇಳು. ದೊಡ್ಡ ಯಂತ್ರ ತಿರುಗಿಸಿರಬೇಕು. ನಂದು ಪಾಳಿ ಮುಗದೈತಿ, ಮಲಗೇನಿ ನಾನು."

ಮತ್ತೆ ಐದಾರು ನಿಮಿಷ ಅದೂ ಇದೂ ಮಾತಾಡಿದರು. ಆಮೇಲೆ ಅವನ ಹಿಂದಿನಿಂದ ಇನ್ನೊಂದು ಎಳೆಯ ದನಿ ಕೇಳಿತು. "ಶಂಕ್ರಣ್ಣಾ, ಏಳ್, ನಮ್ಮನ್ನೆಲ್ಲಾ ಕರಿಯಾಕತ್ತಾರ. ಲಗೂನ ಬಾ, ನನ್ ಕೈಗವಸ ಎಲ್ಲೈತಿ ನೋಡು."

"ಹಣಮೇಶಿ ಕರ್ಯಾಕತ್ತಾನ ಅಕ್ಕಾ. ಆಮ್ಯಾಲೆ ಮಾಡ್ತೀನಿ," ಎಂದ ಶಂಕ್ರಪ್ಪ.

ಅವಳು ವೀಡಿಯೊ ನಿಲ್ಲಿಸಿ, ದೂರದರ್ಶಕಕ್ಕೆ ಬಟ್ಟೆ ಮುಚ್ಚಿ, ಉಣ್ಣಲು ಕೆಳಗಿಳಿದಳು.

ಚಿತ್ರದುರ್ಗದಾಚೆಯ ಬಯಲಿನಲ್ಲಿದ್ದ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಆ ಸಂಜೆ ಪಾಳಿಯಲ್ಲಿದ್ದವನು ಇಲಿಯಾಸ್ ನದಾಫ. ಲಕ್ಷ್ಮೇಶ್ವರದವನು. ಏಳು ಹನ್ನೊಂದಕ್ಕೆ ಅವನ ಎದುರಿನ ಪರದೆಯಲ್ಲಿ ಒಂದನೇ ಆಮ್ಲಜನಕ ಟ್ಯಾಂಕಿನ ಒತ್ತಡ ಸೊನ್ನೆಗೆ ಬಿತ್ತು. ಟ್ಯಾಂಕು ಸಿಡಿದಿತ್ತು. ವಸತಿಯಿಂದ ಮೂರು ಕಿಲೋಮೀಟರ್ ದೂರದಲ್ಲಿದ್ದುದರಿಂದ ಯಾರಿಗೂ ಏನೂ ಆಗಿರಲಿಲ್ಲ. ನಿಯಮದ ಪ್ರಕಾರ ಅದಿರು ಕರಗಿಸುವ ಕುಲುಮೆ ನಿಲ್ಲಿಸಿ, ಎಲ್ಲರನ್ನೂ ಆಶ್ರಯದ ಕೋಣೆಗೆ ಕಳಿಸಬೇಕು. ಇಲಿಯಾಸ್ ಕುಲುಮೆ ಆರಿಸುವ ಗುಂಡಿಯ ಮೇಲಿನ ಮುಚ್ಚಳ ಎತ್ತಿದ.

"ತಡಿ," ಎಂದರು ಮೇಲಧಿಕಾರಿ. "ಕುಲುಮೆ ಒಮ್ಮೆ ಆರಿದ್ರೆ ಮತ್ತೆ ಕಾಯ್ಲಿಕ್ಕೆ ನಾಲ್ಕು ತಿಂಗಳು ಬೇಕು. ಎರಡನೇ ಟ್ಯಾಂಕಿನ ವಾಲ್ವ್ ಕೈಯಿಂದ ಮುಚ್ಚಿಸಿಬಿಟ್ಟರೆ ಮುಗೀತು. ಮಲಗಿರೋ ಪಾಳಿಯವರನ್ನ ಎಬ್ಬಿಸು."

"ಸರ್, ಅದರ ಗೋಡೇನೂ ಬಿಸಿ ಆಗಾಕತ್ತೈತಿ."

"ಅದಕ್ಕೇ ಬೇಗ ಅಂತ ಹೇಳ್ತಿರೋದು."

ಇಲಿಯಾಸ್ ಮೈಕಿನಲ್ಲಿ ಏಳು ಹೆಸರು ಓದಿದ. ಮೊದಲ ಟ್ಯಾಂಕು ಸಿಡಿದು ಮೂವತ್ತು ನಿಮಿಷಕ್ಕೆ ಎರಡನೇ ಟ್ಯಾಂಕೂ ಸಿಡಿಯಿತು. ಆ ಏಳೂ ಜನ ಅದರ ಹತ್ತಿರವೇ ಇದ್ದರು. ಮರುದಿನ ಬೆಳಿಗ್ಗೆ ಅವನು ದಾಖಲೆ ತೆರೆದು ನೋಡಿದಾಗ ಏಳು ಹನ್ನೊಂದರ ಸಾಲು ಅಲ್ಲಿರಲಿಲ್ಲ.

ಕಂಪನಿಯ ಹೇಳಿಕೆ ಮಧ್ಯಾಹ್ನದ ವಾರ್ತೆಯಲ್ಲಿ ಬಂತು. ಏಳೂ ನಲವತ್ತೊಂದಕ್ಕೆ, ವಾಡಿಕೆಯ ತಪಾಸಣೆಯ ವೇಳೆ, ಯಂತ್ರಚಾಲಕ ಶಂಕ್ರಪ್ಪ ಹೂಗಾರ ಅನುಮತಿಯಿಲ್ಲದೆ ವಾಲ್ವ್ ತಿರುಗಿಸಿದ್ದರಿಂದ ಸ್ಫೋಟವಾಗಿ ಅವನೂ ಸೇರಿ ಏಳು ಮಂದಿ ಸತ್ತಿದ್ದಾರೆ. ಅವನು ಟ್ಯಾಂಕಿನ ಪಕ್ಕದಲ್ಲೇ ಇದ್ದುದರಿಂದ ಅವನ ದೇಹ ಸಿಕ್ಕಿಲ್ಲ. ಉಳಿದ ಆರು ಸಿಕ್ಕಿವೆ.

ನೀಲಗಂಗಾ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಕುಳಿತು ಅದನ್ನು ಕೇಳಿದಳು. ಹೊರಗೆ ಕೈ ಮುರಿದುಕೊಂಡ ಹುಡುಗಿಯೊಬ್ಬಳು ಕಾಯುತ್ತಿದ್ದಳು. ಎದ್ದು ಅವಳ ಎಕ್ಸ್‌ರೇ ತೆಗೆದಳು. ಆಮೇಲೆ ಮನೆಗೆ ಹೋದಳು.

ಅಳುವುದಕ್ಕೆ ಮುಂಚೆ ಅವಳಿಗೆ ನೆನಪಾದದ್ದು ಅವನ ಮಾತು. ಪಾಳಿ ಮುಗಿದೈತಿ ಎಂದಿದ್ದ, ಏನೋ ಅಲುಗಾಡಿತು ಎಂದಿದ್ದ. ತಪಾಸಣೆಗೆ ಹೋದವನಲ್ಲ, ಎಬ್ಬಿಸಿ ಕರೆಸಿಕೊಂಡವನು. ಕ್ಯಾಮೆರಾ ತೆಗೆದು, ಅದರ ಬೆನ್ನಿಗಿದ್ದ ಮೂರು ಇಂಚಿನ ಪರದೆಯಲ್ಲಿ ಒಂದೊಂದೇ ಫ್ರೇಮು ಸರಿಸುತ್ತ ಹೋದಳು. ಎರಡು ದಿನ ಹಿಡಿಯಿತು. ಹನ್ನೆರಡನೇ ನಿಮಿಷದಲ್ಲಿ, ಬೂದಿಬಣ್ಣದ ನಡುವೆ, ಗಣಿ ಇರುವ ಜಾಗದಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ನಾಲ್ಕು ಫ್ರೇಮು ಇದ್ದು ಐದನೆಯದರಲ್ಲಿ ಇರಲಿಲ್ಲ. ಧೂಳಲ್ಲ, ಕ್ಯಾಮೆರಾದ ದೋಷವೂ ಅಲ್ಲ. ಗಾಳಿಯಲ್ಲಿ ಚಂದ್ರ ನಡುಗಿದಂತೆ ಅದೂ ಜೊತೆಗೇ ನಡುಗಿತ್ತು. ಸ್ಟೂಲಿನ ಮೇಲಿದ್ದ ಫೋನಿನ ದನಿಯನ್ನೂ ಕ್ಯಾಮೆರಾ ಹಿಡಿದಿತ್ತು, ಆ ಹೊತ್ತಿಗೆ ಶಂಕ್ರಪ್ಪ ಎಣಗಾಯಿಯ ಮಾತಾಡುತ್ತಿದ್ದ. ಚುಕ್ಕೆ ಮಾಯವಾಗಿ ಎಂಟು ಸೆಕೆಂಡಿಗೆ, "ಏನೋ ಅಲುಗ್ಯಾಡಿದಂಗಾತು."

ಕಂಪನಿ ಹೇಳಿದ್ದಕ್ಕೂ ಅರ್ಧ ಗಂಟೆ ಮೊದಲೇ ಒಂದು ಸ್ಫೋಟವಾಗಿತ್ತು, ಆಗ ತಮ್ಮ ಹಾಸಿಗೆಯಲ್ಲಿದ್ದ. ಬೆಳಕೂ ದನಿಯೂ ಒಂದೇ ವೀಡಿಯೊದಲ್ಲಿ ಇದ್ದವು. ಗಡಿಯಾರದ ಹಂಗೂ ಬೇಕಿರಲಿಲ್ಲ.

ವಿಚಾರಣೆ ಹುಬ್ಬಳ್ಳಿಯಲ್ಲಿ, ಯುಗಾದಿ ಕಳೆದ ಮೇಲೆ ನಡೆಯಿತು. ನೀಲಗಂಗಾ ತಕರಾರು ಅರ್ಜಿ ಹಾಕಿ ವೀಡಿಯೊ ಕೊಟ್ಟಿದ್ದಳು. ಪರೀಕ್ಷಕನಾಗಿದ್ದ ತರುಣನೊಬ್ಬ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿದ. ಚಂದ್ರ ಮೂಡಿದ. ಅವಳು ಹಿಡಿದ ನಡುಗುವ ಚಂದ್ರನಲ್ಲ, ತೊಳೆದಿಟ್ಟ ತಾಟಿನಂಥ ಚಂದ್ರ. ಹನ್ನೆರಡನೇ ನಿಮಿಷ ಬಂತು, ಹೋಯಿತು. ಬಿಳಿ ಚುಕ್ಕೆ ಬರಲಿಲ್ಲ.

"ಇದು ನಾ ಹಿಡಿದಿದ್ದಲ್ಲ," ಎಂದಳು ನೀಲಗಂಗಾ.

"ನೀವು ಹಿಡಿದದ್ದೇ ಮೇಡಂ. ಸಾಕ್ಷಿ ಚಿಪ್ ಮೂಲಕ ಬಂದಿದೆ, ಅಷ್ಟೇ. ಕಾಯ್ದೆ ಪ್ರಕಾರ ಹಾಗೆ ಬಂದದ್ದನ್ನು ಮಾತ್ರ ನಾವು ನೋಡಬಹುದು."

"ಸಾಹೇಬ್ರ, ನನ್ನ ಕ್ಯಾಮೆರಾದಾಗ ಒಮ್ಮೆ ನೋಡ್ರಿ. ಇಲ್ಲೇ ತಂದೇನಿ. ಬರೇ ಕಣ್ಣೀಲೆ ನೋಡ್ರಿ."

ವಿಚಾರಣಾಧಿಕಾರಿ ಕೆಟ್ಟವರಲ್ಲ. ಅವಳ ಕೈಯ ಕ್ಯಾಮೆರಾ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿದರು. "ನಾನು ನೋಡಿದರೂ ಬರೆಯೋಕೆ ಬರೋದಿಲ್ಲಮ್ಮ. ಬೆಳಕೇ ಇಲ್ಲ ಅಂದ ಮೇಲೆ, ಆ ದನಿ ಯಾವಾಗಿನದು ಅಂತ ಹೇಗೆ ಹೇಳೋದು?"

"ಇದರಾಗಿರೋ ಚಂದ್ರ ಯಾವಾಗಿಂದು? ಯಾರು ತಗದಿದ್ದು?"

ಪರೀಕ್ಷಕನಿಗೆ ಆ ಪ್ರಶ್ನೆ ಇಷ್ಟವಾಯಿತು. "ಒಬ್ಬರದಲ್ಲ ಮೇಡಂ, ಸಾವಿರಾರು ಹವ್ಯಾಸಿಗಳು ಕಳಿಸಿದ ಚಿತ್ರಗಳಿಂದ ಮಾಡಿದ್ದು. ಕಳಿಸಿದವರ ಹೆಸರೂ ಇಟ್ಟಿದ್ದಾರೆ." ಪಟ್ಟಿ ಸರಿಸುತ್ತ ಹೋಗಿ ತಟ್ಟನೆ ನಿಂತ. "ನೀವೇ ಇದ್ದೀರಲ್ಲ. ಹೂಗಾರ, ಗದಗ. ನೂರಾ ಹದಿನಾಲ್ಕು ಚಿತ್ರ."

ಕಾಯ್ದೆ ಬರುವ ಮುಂಚೆ, ವಿಜ್ಞಾನಕ್ಕೆ ಬೇಕಾಗಿದೆ ಎಂಬ ಪ್ರಕಟಣೆ ಓದಿ, ಅವಳು ಸಂತೋಷದಿಂದ ಕಳಿಸಿದ್ದ ಚಿತ್ರಗಳು ಅವು. ಸಭೆಯಲ್ಲಿ ಯಾರೋ ಸಣ್ಣಗೆ ನಕ್ಕರು. ಅವಳು ಕುರ್ಚಿಯ ತೋಳು ಹಿಡಿದು ಕುಳಿತಳು.

ಇಲಿಯಾಸನನ್ನು ಕರೆದು ಕೇಳಿದರು. ಏಳು ಹನ್ನೊಂದಕ್ಕೆ ಏನಾದರೂ ಆಯಿತೆ? "ದಾಖಲೆಯಲ್ಲಿ ಏನೂ ಇಲ್ಲ ಸರ್," ಎಂದ. ಕೇಳಿದ್ದು ದಾಖಲೆಯ ಬಗ್ಗೆ ಅಲ್ಲ ಎಂದು ಯಾರೂ ಹೇಳಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅವನು ವರಾಂಡದಲ್ಲಿ ಅವಳ ಹತ್ತಿರ ಬಂದು ನಿಂತ. "ಅಕ್ಕಾರ, ಹೆಸರು ಓದಿದಾಂವ ನಾನ. ಶಂಕ್ರಪ್ಪನ ಹೆಸರು ಮೂರನೇದಿತ್ತು."

"ಒಳಗ ಹೇಳ್ಬೇಕಿತ್ತಲ್ಲೋ."

"ಹೇಳಿದ್ರ ಕಂಪನಿ ನನ್ನನ್ನ ಹೊಣೆ ಮಾಡ್ತೈತ್ರಿ. ಆದೇಶ ಕೊಟ್ಟ ದನಿ ನಂದ ಐತಿ, ಅದೊಂದನ್ನ ಉಳಿಸ್ಯಾರ. ಸಾಹೇಬ್ರು ಹೇಳಿದ್ದು ಎಲ್ಲೂ ಇಲ್ಲ."

"ಹಂಗಾರ ನನ್ನ ಮುಂದ ಯಾಕ ಹೇಳ್ತಿ?"

ಅವನು ತಲೆಬಾಗಿ ಕೈ ಮುಗಿದ. ಮೆಟ್ಟಿಲಿಳಿದು ಹೋದ.

ಊರಿನಲ್ಲಿ ಅವಳಿಗೆ ಕಾದಿದ್ದದ್ದು ಬೇರೆ. ತಕರಾರು ಇರುವ ತನಕ ವಿಚಾರಣೆ ಮುಗಿಯುವುದಿಲ್ಲ, ವಿಚಾರಣೆ ಮುಗಿಯದೆ ಆರು ದೇಹಗಳನ್ನು ಚಂದ್ರನಿಂದ ಇಳಿಸುವಂತಿಲ್ಲ ಎಂದು ಕಂಪನಿ ಎಲ್ಲ ಮನೆಗಳಿಗೂ ಪತ್ರ ಬರೆಯಿತು. ಮೊದಲೇ ಶಂಕ್ರಪ್ಪನನ್ನು ಕೊಲೆಗಾರ ಎನ್ನುತ್ತಿದ್ದವರು ಈಗ ಅವನ ಅಕ್ಕನನ್ನು ಪಿಶಾಚಿ ಎಂದರು. ಆಸ್ಪತ್ರೆಯಲ್ಲಿ ಒಬ್ಬ ರೋಗಿ ಅವಳ ಕೈಯಿಂದ ಎಕ್ಸ್‌ರೇ ತೆಗೆಸಿಕೊಳ್ಳಲು ಒಪ್ಪಲಿಲ್ಲ.

ಸತ್ತ ಹಣಮೇಶಿಯ ತಾಯಿ ದ್ಯಾಮವ್ವ ಬೆಟಗೇರಿಯಲ್ಲೇ, ಎರಡು ಓಣಿ ಆಚೆ ಇದ್ದಳು. ಸೀರೆ ನೇಯುವವಳು. ಒಂದು ಭಾನುವಾರ ಬೆಳಿಗ್ಗೆ ಅವಳು ಬಾಗಿಲಲ್ಲಿ ಬಂದು ನಿಂತಾಗ ನೀಲಗಂಗಾ ಬೈಗುಳಕ್ಕೆ ಸಿದ್ಧಳಾದಳು.

"ನಿನ್ನ ಕ್ಯಾಮೆರಾದಾಗ ನನ್ನ ಮಗನ ದನಿ ಐತಂತ, ಖರೇನ?" ಎಂದು ಕೇಳಿದಳು ದ್ಯಾಮವ್ವ.

ನೀಲಗಂಗಾ ಒಳಗೆ ಕರೆದು ಕೂರಿಸಿ ವೀಡಿಯೊ ಹಾಕಿದಳು. ದ್ಯಾಮವ್ವ ಕ್ಯಾಮೆರಾವನ್ನು ಕಿವಿಗೆ ಒತ್ತಿಕೊಂಡಳು. "ನನ್ ಕೈಗವಸ ಎಲ್ಲೈತಿ ನೋಡು" ಎಂಬಲ್ಲಿಗೆ ಬಂದಾಗ ಅವಳ ಬಾಯಿ ತೆರೆದೇ ಉಳಿಯಿತು. "ಸಣ್ಣಾಂವಿದ್ದಾಗಿಂದ ಹಂಗ," ಎಂದಳು. "ಒಂದೂ ತನ್ನ ಸಾಮಾನ ತಾ ಹುಡುಕ್ಕೋತಿದ್ದಿಲ್ಲ." ಮತ್ತೆ ಹಾಕಿಸಿದಳು. ಆರು ಸಲ ಕೇಳಿದಳು.

ಆಮೇಲೆ ನೀಲಗಂಗಾ ಬಿಳಿ ಚುಕ್ಕೆ ತೋರಿಸಿದಳು. ದ್ಯಾಮವ್ವ ತಿಳಿಯದವಳಲ್ಲ. ನೂಲಿನ ಎಣಿಕೆ ಮಾಡುವ ಕಣ್ಣು ಅವಳದು. ನಾಲ್ಕೂ ಫ್ರೇಮು ನೋಡಿ, ಸೆರಗಿನಿಂದ ತನ್ನ ಫೋನ್ ತೆಗೆದು ಆ ಪುಟ್ಟ ಪರದೆಯ ಫೋಟೋ ಹೊಡೆದಳು. ಉಳಿದ ಮನೆಗಳವರಿಗೆ ತೋರಿಸಬೇಕೆಂದಿದ್ದಳೋ ಏನೋ. ಫೋನಿನಲ್ಲಿ ನೋಡಿದರೆ ಕ್ಯಾಮೆರಾ ಬಂದಿತ್ತು, ನೀಲಗಂಗಾಳ ಹೆಬ್ಬೆರಳು ಬಂದಿತ್ತು, ಪರದೆಯಲ್ಲಿ ಚಂದ್ರನೂ ಬಂದಿದ್ದ. ಚುಕ್ಕೆ ಬಂದಿರಲಿಲ್ಲ. ಇನ್ನೆರಡು ಸಲ ಹೊಡೆದಳು. ಬರಲಿಲ್ಲ.

"ಅಂದ್ರ ಇಬ್ಬರನ್ನೂ ಅವರ ಎಬ್ಬಿಸಿ ಕಳಿಸ್ಯಾರ," ಎಂದಳು ಫೋನನ್ನು ಸೆರಗಿಗೆ ಸೇರಿಸುತ್ತ. "ನಿನ್ನ ತಮ್ಮಂದೇನೂ ತಪ್ಪಿಲ್ಲ."

ಮೂರು ತಿಂಗಳಲ್ಲಿ ಆ ಮಾತನ್ನು ಹೇಳಿದವಳು ಅವಳೊಬ್ಬಳೇ. ನೀಲಗಂಗಾಳಿಗೆ ಆಗ ಅಳು ಬಂತು. ಅವಳು ಅತ್ತು ಮುಗಿಸುವ ತನಕ ದ್ಯಾಮವ್ವ ಕಾದಳು. ಕಾದು, ಹೇಳಬೇಕೆಂದು ಬಂದದ್ದನ್ನು ಹೇಳಿದಳು.

"ನೀಲವ್ವ, ಆ ಅರ್ಜಿ ವಾಪಸ್ ತಗೋ."

"ಏನಂದಿ?"

"ನನ್ನ ಮಗನ್ನ ಮಣ್ಣಿಗಿಡಬೇಕವ್ವಾ ನಾನು. ಅಲ್ಲಿ ಗಾಳಿನೂ ಇಲ್ಲಂತ, ಮಣ್ಣೂ ಮಣ್ಣಲ್ಲಂತ. ಒಂದ ಪೆಟ್ಟಿಗ್ಯಾಗ ಇಟ್ಟಾರ. ಖರೆ ಏನು ಅನ್ನೂದು ನಿಂಗ ಗೊತ್ತಾತು, ನಂಗ ಗೊತ್ತಾತು. ಸಾಕಲ್ಲ."

"ನೀನೂ ಬಂದು ಹೇಳಿದ್ರ, ಎಲ್ಲಾ ಮನಿಯವರೂ ಕೂಡಿ ಹೇಳಿದ್ರ—"

"ನಾ ಹೇಳಂಗಿಲ್ಲ." ದ್ಯಾಮವ್ವನ ದನಿ ಗಟ್ಟಿಯಾಗಿತ್ತು. "ಶಂಕ್ರಪ್ಪಂದ ತಪ್ಪು ಅಂತ ಆಗಲೇ ಸಹಿ ಮಾಡಿಕೊಟ್ಟೇನಿ. ನಿಂಗ ತರಾಕ ಏನೂ ಉಳದಿಲ್ಲ. ನಂಗ ಐತಿ."

ನೀಲಗಂಗಾ ಒಂದು ವಾರ ಯೋಚಿಸಿದಳು. ದಿನಾ ಕೆಲಸಕ್ಕೆ ಹೋದಳು, ಬಂದಳು. ದ್ಯಾಮವ್ವ ಮತ್ತೆ ಬಂದು ಒತ್ತಾಯ ಮಾಡಲಿಲ್ಲ. ಆದರೆ ಓಣಿಯಲ್ಲಿ ಹೋಗುವಾಗ ಅವಳ ಮಗ್ಗದ ಸದ್ದು ನಿಂತಿರುವುದು ನೀಲಗಂಗಾಳ ಗಮನಕ್ಕೆ ಬರುತ್ತಿತ್ತು. ಎಂಟನೆಯ ದಿನ ಅವಳು ಹುಬ್ಬಳ್ಳಿಗೆ ಹೋಗಿ ತಕರಾರು ಹಿಂತೆಗೆದುಕೊಳ್ಳುವ ಕಾಗದಕ್ಕೆ ಸಹಿ ಮಾಡಿದಳು. ಗುಮಾಸ್ತ ಅದರ ಮೇಲೆ ಮೊಹರು ಹೊಡೆದು, "ಒಳ್ಳೇ ಕೆಲಸ ಮಾಡಿದ್ರಿ ಮೇಡಂ," ಎಂದ.

ಶ್ರಾವಣದಲ್ಲಿ ದೇಹಗಳು ಬಂದವು. ಹಣಮೇಶಿಯನ್ನು ಬೆಟಗೇರಿಯ ರುದ್ರಭೂಮಿಗೆ ಒಯ್ಯುವಾಗ ಓಣಿ ತುಂಬ ಜನ. ನೀಲಗಂಗಾ ಒಂದು ಅಂಗಡಿಯ ಕಟ್ಟೆಯ ಬಳಿ ನಿಂತಿದ್ದಳು. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಅವಳನ್ನು ಗುರುತಿಸಿ, "ಇಕಿ ತಮ್ಮನಿಂದ ಹಾಳಾದ್ವು ಆರು ಮನಿ, ನೋಡಾಕ ಬಂದಾಳ," ಎಂದು ಕೂಗಿದಳು. ದ್ಯಾಮವ್ವ ತಲೆ ಎತ್ತಿ ನೋಡಿದಳು. ಅವಳೊಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ತಲೆ ತಗ್ಗಿಸಿ ಹೆಣದ ಹಿಂದೆ ನಡೆದಳು.

ಅದಾದ ಮೂರನೇ ದಿನ, ಮಗ್ಗಕ್ಕೆ ವಾರದ ಬಿಡುವಿರುವ ಸೋಮವಾರ, ದ್ಯಾಮವ್ವ ನೀಲಗಂಗಾಳ ಮನೆಗೆ ಬಂದಳು. ನೆಲದ ಮೇಲೆ ಕುಳಿತು, "ಹಚ್ಚು," ಎಂದಳು.

ನೀಲಗಂಗಾ ಕ್ಯಾಮೆರಾ ತಂದಳು. ಎಣಗಾಯಿಯ ಮಾತು ಹೋಯಿತು, ಅಲುಗಾಡಿದ ಮಾತು ಹೋಯಿತು. ಶಂಕ್ರಪ್ಪ ನಗುತ್ತಿದ್ದ. ಇನ್ನೇನು ಹಿಂದಿನಿಂದ ಆ ಎಳೆಯ ದನಿ ಬರಬೇಕು ಎನ್ನುವಾಗ ಅವಳು ನಿಲ್ಲಿಸಿದಳು.

"ಓಣ್ಯಾಗ ಹೋಗಿ, ನನ್ನ ತಮ್ಮಂದು ತಪ್ಪಿಲ್ಲಂತ ಒಬ್ಬರ ಮುಂದರ ಹೇಳಿ ಬಾ. ಒಬ್ಬರ ಮುಂದ. ಆಮ್ಯಾಲೆ ಕೇಳು."

ದ್ಯಾಮವ್ವ ಕ್ಯಾಮೆರಾವನ್ನೇ ನೋಡುತ್ತ ಕುಳಿತಳು. ಕೈ ಚಾಚಲಿಲ್ಲ, ಬೇಡಲಿಲ್ಲ. ಕೊನೆಗೆ ನೆಲಕ್ಕೆ ಕೈಯೂರಿ ಎದ್ದು, ಸೆರಗು ಸರಿ ಮಾಡಿಕೊಂಡು ಹೊರಟುಹೋದಳು.

ಮುಂದಿನ ಸೋಮವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನೀಲಗಂಗಾ ಬಾಗಿಲು ತೆರೆದಿಟ್ಟುಕೊಂಡೇ ಕುಳಿತಿದ್ದಳು. ತಾನು ಮಾಡಿದ್ದು ತಪ್ಪಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೂ ಬಡಿಸಿಕೊಂಡ ತಾಟನ್ನು ಹಾಗೆಯೇ ಎತ್ತಿಡುತ್ತಿದ್ದಳು. ಆ ದನಿಗಳನ್ನು ಈ ಊರಿನಲ್ಲಿ ಕೇಳಬೇಕೆನ್ನುವವರು ಇಬ್ಬರೇ ಇದ್ದರು. ಅವರಲ್ಲಿ ಒಬ್ಬಳನ್ನು ತಾನೇ ಹೊರಗೆ ಹಾಕಿದ್ದಳು.

ಮೂರನೆಯ ಸೋಮವಾರ ಅವಳು ಕ್ಯಾಮೆರಾವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಓಣಿ ದಾಟಿದಳು. ದ್ಯಾಮವ್ವ ಬಾಗಿಲು ತೆರೆದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಓಣಿಯ ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳನ್ನು ಒಳಗೆ ಬಿಟ್ಟು ಚಿಲಕ ಹಾಕಿದಳು.

"ನಾ ಹೊರಗ ಹೇಳಂಗಿಲ್ಲ, ಮೊದಲ ಹೇಳ್ತೀನಿ," ಎಂದಳು.

"ಗೊತ್ತೈತಿ," ಎಂದಳು ನೀಲಗಂಗಾ.

ಮಗ್ಗದ ಪಕ್ಕದಲ್ಲಿ ಇಬ್ಬರೂ ಕುಳಿತರು. ನೀಲಗಂಗಾ ದನಿ ಸಣ್ಣ ಮಾಡಿ, ವೀಡಿಯೊವನ್ನು ಮೊದಲಿನಿಂದ ಹಚ್ಚಿದಳು.